ಆಲ್ಫೋನ್ಸನ ಹತ್ತು ಬೆರಳು

ಕಾರ್ಕಳದಿಂದ ನಿಟ್ಟೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಗೇರುಬೀಜದ ಕಾರ್ಖಾನೆ ಇತ್ತು. ಗೇಟಿನ ಪಕ್ಕ ಒಂದು ತಗಡಿನ ಮಾಡು, ಮಾಡಿನ ಕೆಳಗೆ ಒಂದು ಕುರ್ಚಿ, ಕುರ್ಚಿಯ ಮೇಲೆ ಆಲ್ಫೋನ್ಸ್ ಮಥಾಯಸ್. ಬೀಜ ಒಡೆಯಲು, ಸುಲಿಯಲು ಬರುವ ಹೆಂಗಸರ ಹಾಜರಿ ಹಾಕುವುದು ಅವನ ಕೆಲಸ. ಅವನು ಬೀಜ ಹುರಿದವನಲ್ಲ, ಗೋಣಿ ಹೊತ್ತವನಲ್ಲ. ಹೆಸರಿನ ಎದುರು ಒಂದು ಗೀಟು ಎಳೆಯಬೇಕು, ಅಷ್ಟೇ. ಆ ಒಂದು ಗೀಟಿಗೆ ಅವನು ತೋರಿಸುತ್ತಿದ್ದ ಗತ್ತನ್ನು ನೋಡಿದರೆ ಜಿಲ್ಲಾಧಿಕಾರಿಯೂ ಎದ್ದು ನಿಂತು ಕುರ್ಚಿ ಬಿಟ್ಟುಕೊಡಬೇಕು.

ಮೂಲತಃ ಅವನು ಕಾಪುವಿನವನು. ಮೊದಲು ಉಡುಪಿಯ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದ. ಯಾವ ಬಸ್ಸು ಯಾವಾಗ ಹೊರಡಬೇಕೆಂದು ಸೀಟಿ ಊದುವ ಕೆಲಸ. ಒಂದು ಬಸ್ಸಿನವರ ಕೈಯಲ್ಲಿ ಮೀನೂಟ ತಿಂದು ಇನ್ನೊಂದು ಬಸ್ಸನ್ನು ಹೊತ್ತಿಗೆ ಮೊದಲೇ ಓಡಿಸಿದ್ದು ಗೊತ್ತಾಗಿ, ಡ್ರೈವರುಗಳೆಲ್ಲ ಸೇರಿ ಸೀಟಿ ಕಿತ್ತುಕೊಂಡು ಕಳಿಸಿದರು. ಸೀಟಿ ಹೋಯಿತು, ಚಟ ಹೋಗಲಿಲ್ಲ. ತೊಂಬತ್ತೇಳರಲ್ಲಿ ಹೆಂಡತಿ ಕಾನ್ಸೆಪ್ಟಾಳ ತವರಿನ ಕಡೆಯವರ ಮಾತಿನಿಂದ ಈ ಕಾರ್ಖಾನೆಯ ಗೇಟು ಅವನಿಗೆ ಸಿಕ್ಕಿತು. ಮದುವೆಯಲ್ಲಿ ಮಾವ ಕೊಟ್ಟ ಕೈಗಡಿಯಾರವನ್ನು ಅವನು ಅಂದಿನಿಂದಲೇ ಐದು ನಿಮಿಷ ಮುಂದೆ ಇಟ್ಟುಕೊಂಡ. ಕಾರಣ ಇಷ್ಟೇ: ಎಲ್ಲರೂ ಸರಿಯಾದ ಹೊತ್ತಿಗೆ ಬಂದುಬಿಟ್ಟರೆ ಅವನನ್ನು ಬೇಡಿಕೊಳ್ಳುವವರು ಯಾರು?

"ಇಗರ್ಜಿಯ ಗಂಟೆ ಇನ್ನೂ ಆಗಲಿಲ್ಲ ಅಲ್ವಾ ಪೊರ್ಬುಗಳೇ," ಎಂದು ಚರ್ಚಿನ ಗಂಟೆ ನಂಬಿ ಬಂದ ಯಾರಾದರೂ ಹೇಳಿದರೆ ಅವನು ತಲೆ ಎತ್ತುತ್ತಿರಲಿಲ್ಲ. ಕ್ರೈಸ್ತ ಗಂಡಸರನ್ನು ಮರ್ಯಾದೆಗೆ ಕರೆಯುವ 'ಪೊರ್ಬು' ಎಂಬ ಮಾತಿಗೂ ಅವನು ಕರಗುವವನಲ್ಲ.

"ಇಗರ್ಜಿಯ ಗಂಟೆ ಇಗರ್ಜಿಗೆ. ಇಲ್ಲಿ ನನ್ನ ವಾಚು," ಎನ್ನುತ್ತಿದ್ದ.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿನಲ್ಲಿ ಪೂಜಾರಿ ಇವನೇ. ಅರ್ಧ ದಿನದ ಗೈರುಹಾಜರಿ ತಪ್ಪಿಸಿಕೊಳ್ಳಲು ಹೆಂಗಸರು ಅವನಿಗೆ ಹಲಸಿನಹಣ್ಣು, ಬಸಳೆ, ಮನೆಯ ಕೋಳಿಮೊಟ್ಟೆ ತಂದು ಕೊಡುತ್ತಿದ್ದರು. ಅವನು ಅದನ್ನು ಕುರ್ಚಿಯ ಕೆಳಗೆ ಕಾಲಿನಿಂದ ಸರಿಸುತ್ತಿದ್ದ. ಕೈಯಲ್ಲಿ ತೆಗೆದುಕೊಂಡರೆ ಮರ್ಯಾದೆಗೆ ಕಡಿಮೆ.

ಕಾರ್ಖಾನೆಯಲ್ಲಿ ಎರಡು ಬಗೆಯ ಹೆಂಗಸರು. ಬೀಜದ ತೆಳು ಸಿಪ್ಪೆ ಸುಲಿಯುವವರು ಊರಿನವರು. ಅವರ ಮೇಲ್ವಿಚಾರಕಿ ಬರ್ತಾ ಬಾಯಿ, ಬಾಯಿ ಜೋರಿನ ವಿಧವೆ. ಗಟ್ಟಿ ಓಡು ಒಡೆಯುವವರಲ್ಲಿ ಹೆಚ್ಚಿನವರು ಕೊಪ್ಪಳ, ರಾಯಚೂರಿನ ಕಡೆಯಿಂದ ಬಂದವರು. ಗಂಡಂದಿರು ಮಣಿಪಾಲದಲ್ಲಿ ಕಟ್ಟಡ ಕಟ್ಟುತ್ತಿದ್ದರೆ ಇವರು ಇಲ್ಲಿ ಬೀಜ ಒಡೆಯುತ್ತಿದ್ದರು. ಓಡಿನಿಂದ ಜಿನುಗುವ ಸೊನೆ ಸುಣ್ಣದಂತೆ ಸುಡುತ್ತದೆ. ಎಷ್ಟು ಬೂದಿ ಬಳಿದುಕೊಂಡರೂ ಬೆರಳಿನ ತುದಿ ಕಪ್ಪಾಗಿ, ಸುಲಿದು, ಕೊನೆಗೆ ನುಣ್ಣಗಾಗುತ್ತದೆ. ಅವರಲ್ಲಿ ಎಲ್ಲರಿಗಿಂತ ಚುರುಕು ಹುಲಿಗೆವ್ವ. ಅವಳು ಒಡೆದ ಬೀಜದಲ್ಲಿ ತುಂಡು ಹುಡುಕಬೇಕೆಂದರೆ ಹುಡುಕಿದವರಿಗೇ ಬೇಸರ ಬರಬೇಕು. ಆಲ್ಫೋನ್ಸನಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ, ಏಕೆಂದರೆ ಅವಳು ಬೇಡಿಕೊಳ್ಳುವಾಗಲೂ ತಲೆ ತಗ್ಗಿಸುತ್ತಿರಲಿಲ್ಲ.

ಹೀಗೆ ಎಂಟು ವರ್ಷ ನಡೆಯಿತು. ಆಮೇಲೆ ಒಂದು ದಿನ ಕಾರ್ಖಾನೆಯ ಯಜಮಾನರಾದ ಧನಿ ಮಣಿಪಾಲದ ಯಾವುದೋ ಆಫೀಸಿಗೆ ಹೋಗಿದ್ದಾಗ ಅಲ್ಲಿಯ ನೌಕರರು ಗೋಡೆಯ ಮೇಲಿನ ಒಂದು ಡಬ್ಬಿಗೆ ಬೆರಳು ಒತ್ತಿ ಒಳಗೆ ಹೋಗುವುದನ್ನು ಕಂಡು ಬಂದರು. ಧನಿಗಳ ಒಂದು ಸ್ವಭಾವವೆಂದರೆ ಬೇರೆಯವರ ಗೋಡೆಯ ಮೇಲೆ ಕಂಡದ್ದು ತಮ್ಮ ಗೋಡೆಯ ಮೇಲೂ ಇರಬೇಕು. ಹೆಂಗಸರು ಕೂರುವ ಹಲಗೆ ಮುರಿದು ಮೂರು ಮಳೆಗಾಲ ಆಗಿತ್ತು. ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

"ಇನ್ನು ಮೇಲೆ ಹಾಜರಿಯನ್ನು ಮೆಷಿನ್ ನೋಡಿಕೊಳ್ತದೆ ಆಲ್ಫೋನ್ಸ್," ಎಂದರು ಧನಿ. "ಅದಕ್ಕೆ ಹಲಸಿನಹಣ್ಣು ಕೊಡಬೇಕೆಂದಿಲ್ಲ."

ಅವರಿಗೆ ಗೊತ್ತಿದೆ ಎಂದು ಆಲ್ಫೋನ್ಸನಿಗೆ ಅಂದೇ ತಿಳಿದದ್ದು. "ಹಾಗಾದರೆ ನಾನು?" ಎಂದು ಕೇಳಿದ.

"ಮೆಷಿನ್ ಸರಿಯಾಗುವವರೆಗೆ ಗೇಟಿನಲ್ಲಿ ಇರು. ಆಮೇಲೆ ಗೋದಾಮಿನಲ್ಲಿ ಗೋಣಿ ಹೊರಲಿಕ್ಕೆ ಜನ ಬೇಕು."

ಗೋಣಿ ಹೊರುವುದು ಅವನಿಗೆ ಕಷ್ಟವಾಗುತ್ತಿತ್ತು ಎಂಬುದು ಬೇರೆ ಮಾತು. ಆ ಕುರ್ಚಿಯಿಂದ ಎದ್ದರೆ ತಾನು ಯಾರೂ ಅಲ್ಲ ಎಂಬುದು ಅವನಿಗೆ ಒಳಗೊಳಗೇ ಗೊತ್ತಿತ್ತು. ಪಾಪ, ಅವನಿಗೆ ಗೊತ್ತಿದ್ದ ಒಂದೇ ಒಂದು ಸತ್ಯ ಅದು.

ಮೆಷಿನ್ ಬಂತು. ಮಣಿಪಾಲದ ಅಂಗಡಿಯಿಂದ ಬ್ರ್ಯಾಂಡನ್ ಎಂಬ ಯುವಕ ಬಂದು ಗೋಡೆಗೆ ಕೂರಿಸಿ ಹೋದ. ಧನಿ ಭಟ್ಟರನ್ನು ಕರೆಸಿ ಪೂಜೆ ಮಾಡಿಸಿದರು. ಭಟ್ಟರು ಎಲ್ಲಿ ಹೊಳಪು ಕಂಡಿತೋ ಅಲ್ಲಿಗೆ ಗಂಧ ಬಳಿದರು, ಅಂದರೆ ಬೆರಳಿಡುವ ಗಾಜಿಗೆ. ಮರುದಿನ ಧನಿಗಳ ಬೆರಳನ್ನೂ ಅದು ಒಪ್ಪಲಿಲ್ಲ. ಬ್ರ್ಯಾಂಡನ್ ಮತ್ತೆ ಬೈಕು ಹತ್ತಿ ಬಂದು, ಗಂಧ ಒರೆಸಿ, ಒಂದು ಮಾತೂ ಆಡದೆ ಹೋದ. ಅದು ಹಳೆಯ ಕಾಲದವರಿಗೆ ಕೊಡುವ ಮರ್ಯಾದೆಯೋ ತಿರಸ್ಕಾರವೋ ಯಾರಿಗೂ ತಿಳಿಯಲಿಲ್ಲ.

ಸುಲಿಯುವ ಹೆಂಗಸರ ಬೆರಳುಗಳನ್ನು ಮೆಷಿನ್ ಸುಲಭವಾಗಿ ಒಪ್ಪಿತು. ಒತ್ತಿದ ಕೂಡಲೇ ಅದರೊಳಗಿನ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ 'ಥ್ಯಾಂಕ್ ಯೂ' ಎನ್ನುತ್ತಿದ್ದಳು. "ಇಷ್ಟು ವರ್ಷದಲ್ಲಿ ಈ ಕಾರ್ಖಾನೆಯಲ್ಲಿ ನಮಗೆ ಉಪಕಾರ ಹೇಳಿದ್ದು ಇವಳೊಬ್ಬಳೇ," ಎಂದಳು ಬರ್ತಾ ಬಾಯಿ.

ಒಡೆಯುವವರ ಸರದಿ ಬಂದಾಗ ಆ ಒಳಗಿನ ಹೆಂಗಸಿನ ದನಿ ಬದಲಾಯಿತು. 'ಪ್ಲೀಸ್ ಟ್ರೈ ಅಗೇನ್' ಎಂದಳು. ಇನ್ನೊಮ್ಮೆ ಒತ್ತಿದರೆ ಇನ್ನೊಮ್ಮೆ ಅದೇ ಮಾತು. ಹೊಸಬರ ಬೆರಳುಗಳನ್ನು ಹೇಗೋ ಒಪ್ಪಿತು, ಹಳಬರಾದ ಹತ್ತು ಮಂದಿಯ ಬೆರಳುಗಳನ್ನು ಏನು ಮಾಡಿದರೂ ಒಪ್ಪಲಿಲ್ಲ. ಯಾರು ಹೆಚ್ಚು ವರ್ಷ ಕೆಲಸ ಮಾಡಿದ್ದಾರೋ ಅವರೇ ಮೆಷಿನಿಗೆ ಗುರುತಿಲ್ಲ.

"ಸಾಹೇಬ್ರ, ಇದಕ್ಕ ನಮ್ಮ ಬೆರಳ ಕಾಣವಲ್ದು," ಎಂದಳು ಹುಲಿಗೆವ್ವ.

"ಬೆರಳು ಇದ್ದರೆ ಅಲ್ವಾ ಕಾಣುವುದು," ಎಂದ ಆಲ್ಫೋನ್ಸ್. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಕಳೆ ಬಂದಿತ್ತು.

ಹೆಂಗಸರು ಮಾಡದ ಉಪಾಯವಿಲ್ಲ. ನಿಂಬೆಹುಳಿ ತಿಕ್ಕಿದರು, ತೆಂಗಿನೆಣ್ಣೆ ಹಚ್ಚಿದರು, ಬೆರಳನ್ನು ಸೆರಗಿಗೆ ಉಜ್ಜಿ ಬಿಸಿ ಮಾಡಿದರು. ಆ ಹತ್ತು ಮಂದಿಯಲ್ಲಿ ಒಬ್ಬಳಾದ ಶರಣಮ್ಮನಂತೂ ಒಂದು ಹೆಬ್ಬೆರಳಾದರೂ ಉಳಿಯಲಿ ಎಂದು ಅದಕ್ಕೆ ಬಟ್ಟೆ ಸುತ್ತಿಕೊಂಡು ಬೀಜ ಒಡೆಯತೊಡಗಿದಳು. ಅವಳನ್ನು ನೋಡಿ ಉಳಿದವರೂ ಸುತ್ತಿಕೊಂಡರು. ಬಟ್ಟೆ ಸುತ್ತಿದ ಕೈಗೆ ಬೀಜದ ಹದ ಸಿಗುತ್ತದೆಯೇ? ತುಂಡು ಬೀಜದ ರಾಶಿ ಬಿತ್ತು. ಬೀಜ ಒಡೆಯುವುದಕ್ಕೆ ಇದ್ದ ಬೆರಳು ಈಗ ಮೆಷಿನಿಗೆ ತೋರಿಸುವುದಕ್ಕೆ ಎಂದಾಗಿತ್ತು. ಧನಿಗಳಿಗೆ ಸಿಟ್ಟು ಬಂತು. ಮೆಷಿನಿನ ಮೇಲೆ ಅಲ್ಲ. ಅದಕ್ಕೆ ಪೂಜೆ ಆಗಿತ್ತು.

"ಮುಂದಿನ ಸೋಮವಾರದ ಒಳಗೆ ಯಾರ ಬೆರಳು ಹಿಡಿಯುವುದಿಲ್ಲವೋ ಅವರು ಬರುವುದು ಬೇಡ. ಬೆರಳು ಇರುವವರನ್ನು ತನ್ನಿ," ಎಂದುಬಿಟ್ಟರು.

ಆಲ್ಫೋನ್ಸ್ ಆ ಸಂಜೆ ಮಾಡಿದ ಯೋಚನೆಯನ್ನು ಕೆಲವರು ಆಮೇಲೆ ಕರುಣೆ ಎಂದರು. ಕರುಣೆಯೂ ಇಲ್ಲ, ಮಣ್ಣೂ ಇಲ್ಲ. ಹೊಸಬರ ಬೆರಳು ದಾಖಲಿಸಲು ಬೇಕಾದ ಗುಪ್ತ ಸಂಖ್ಯೆಯನ್ನು ಬ್ರ್ಯಾಂಡನ್ ಅವನಿಗೇ ಹೇಳಿಕೊಟ್ಟು ಹೋಗಿದ್ದ. ಮೆಷಿನಿಗೆ ಬೆರಳು ಗೊತ್ತು, ಬೆರಳಿನ ಹಿಂದೆ ಇರುವ ಮನುಷ್ಯ ಗೊತ್ತಿಲ್ಲ ಎಂಬುದು ಅವನಿಗೆ ಹೊಳೆಯಿತು. ಮರುದಿನ ಹುಲಿಗೆವ್ವನ ಹೆಸರು ಒತ್ತಿ, ತನ್ನ ಎಡಗೈಯ ಕಿರುಬೆರಳನ್ನು ಗಾಜಿನ ಮೇಲಿಟ್ಟ.

'ಥ್ಯಾಂಕ್ ಯೂ' ಎಂದಳು ಒಳಗಿನವಳು.

"ಇವತ್ತಿನಿಂದ ನಿನ್ನ ಹಾಜರಿ ನನ್ನ ಕೈಯಲ್ಲಿ ಉಂಟು," ಎಂದ ಆಲ್ಫೋನ್ಸ್. "ನಾನು ಒತ್ತಿದರೆ ನೀನು ಬಂದಿದ್ದಿ. ಇಲ್ಲದಿದ್ದರೆ ಇಲ್ಲ. ತಿಳಿಯಿತಾ?"

ಹುಲಿಗೆವ್ವ ಅವನನ್ನೂ ಬೆರಳನ್ನೂ ನೋಡಿದಳು. "ತಿಳೀತ್ರಿ," ಎಂದಳು. ಮಾರನೆಯ ದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಳು. ಆಲ್ಫೋನ್ಸ್ ಅದನ್ನು ಕಾಲಿನಿಂದ ಸರಿಸಿದ.

ಒಂದು ವಾರದೊಳಗೆ ಒಂಬತ್ತು ಬೆರಳು ಒಂಬತ್ತು ಹೆಂಗಸರಿಗೆ ಹಂಚಿಹೋಯಿತು. ಉಳಿದದ್ದು ಬಲಗೈಯ ಹೆಬ್ಬೆರಳು, ಉಳಿದವಳು ಶರಣಮ್ಮನ ಸೊಸೆ ಅನ್ನಪೂರ್ಣ. ಈ ವಿಷಯ ಮನೆಯಲ್ಲಿ ಜಂಬದಿಂದ ಹೇಳಿಕೊಂಡಾಗ ಕಾನ್ಸೆಪ್ಟಾ ಮೀನು ಕೊಯ್ಯುತ್ತಿದ್ದಳು.

"ನಿಮಗೆ ಅಂತ ಒಂದಾದರೂ ಬೆರಳು ಇಟ್ಟುಕೊಳ್ಳಿ," ಎಂದಳು.

"ನನಗೆ ಎಂತಕ್ಕೆ? ನಾನು ಸ್ಟಾಫ್. ಸ್ಟಾಫಿನವರು ಒತ್ತಲಿಕ್ಕಿಲ್ಲ."

"ಇವತ್ತು ಒತ್ತಲಿಕ್ಕಿಲ್ಲ," ಎಂದಳು ಕಾನ್ಸೆಪ್ಟಾ. ಮತ್ತೆ ಮಾತಾಡಲಿಲ್ಲ. ಗಂಡನಿಗೆ ಎರಡು ಸಲ ಬುದ್ಧಿ ಹೇಳುವ ಅಭ್ಯಾಸವನ್ನು ಅವಳು ಮದುವೆಯಾದ ವರ್ಷವೇ ಬಿಟ್ಟಿದ್ದಳು.

ಹೆಬ್ಬೆರಳೂ ಹೋಯಿತು. ಅದಕ್ಕೆ ಶರಣಮ್ಮ ಒಂದು ಹುಂಜ ತಂದುಕೊಟ್ಟಳು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಆಲ್ಫೋನ್ಸ್ ನಡುಹಗಲಿನಲ್ಲಿ ಕೈಗವಸು ಹಾಕಿಕೊಂಡ. ಹೌದು, ಬೈಕಿನವರು ಹಾಕುವಂಥ ಕೈಗವಸು, ಬೈಕಿಲ್ಲದವನಿಗೆ. ಬೆರಳಿಗೆ ಗೀರು ಬಿದ್ದರೆ ಮೆಷಿನ್ ಒಪ್ಪದು ಎಂಬ ಭಯ. ಮನೆಯಲ್ಲಿ ಬಾವಿಯ ಹಗ್ಗ ಮುಟ್ಟುವುದನ್ನು ಬಿಟ್ಟ. ತೆಂಗಿನಕಾಯಿ ಸುಲಿಯುವುದು, ಸೌದೆ ಒಡೆಯುವುದು, ಮೀನಿನ ಮುಳ್ಳು ತೆಗೆಯುವುದು ಎಲ್ಲ ಬಿಟ್ಟ. ಹಿಂದೆಯೂ ಇವನ್ನೆಲ್ಲ ಬಹಳ ಮಾಡುತ್ತಿದ್ದನೆಂದಲ್ಲ, ಈಗ ಕಾರಣ ಸಿಕ್ಕಿತ್ತು. ಮಲಗುವ ಮೊದಲು ಹತ್ತೂ ಬೆರಳಿಗೆ ಎಣ್ಣೆ ಹಚ್ಚಿಕೊಂಡು ಹಾಸಿಗೆಯ ಮೇಲೆ ಅಂಗೈ ಬಿಚ್ಚಿ ಇಡುತ್ತಿದ್ದ.

"ಬಾಣಂತಿಗೂ ಇಷ್ಟು ಆರೈಕೆ ಇಲ್ಲ," ಎಂದಳು ಕಾನ್ಸೆಪ್ಟಾ.

ಹಾಜರಿ ಹಾಕುವವನ ಕೆಲಸ ತೆಗೆಯಲು ಬಂದ ಮೆಷಿನ್ ಅವನನ್ನು ಹತ್ತುಪಟ್ಟು ದೊಡ್ಡವನನ್ನಾಗಿ ಮಾಡಿತ್ತು. ಬೆಳಿಗ್ಗೆ ಹತ್ತು ಹೆಂಗಸರು ಅವನ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಅವನು ಕೈಗವಸು ಕಳಚಿ, ಬೆರಳುಗಳನ್ನು ಊದಿಕೊಂಡು, ಒಂದೊಂದಾಗಿ ಒತ್ತುತ್ತಿದ್ದ. ಯಾರ ನಮಸ್ಕಾರ ಸಾಲದು ಅನ್ನಿಸುತ್ತದೋ ಅವಳ ಬೆರಳನ್ನು ಗಾಜಿನ ಹತ್ತಿರ ಒಯ್ದು ನಿಲ್ಲಿಸುತ್ತಿದ್ದ. ಹುಲಿಗೆವ್ವನ ಕಿರುಬೆರಳು ದಿನಾ ಕೊನೆಗೆ.

ಆದರೆ ಮೆಷಿನ್ ಅವನಿಂದಲೂ ಬಾಡಿಗೆ ವಸೂಲು ಮಾಡಿತು. ಅವನಿಗೆ ರಜೆ ಎಂಬುದೇ ಇಲ್ಲವಾಯಿತು. ಜ್ವರ ಬಂದರೆ ಕಂಬಳಿ ಹೊದ್ದುಕೊಂಡು ಗೇಟಿಗೆ ಬಂದ. ಕಾಪುವಿನಲ್ಲಿ ತಂಗಿ ಸೋಫಿಯಾಳ ಮಗಳ ಮದುವೆಯ ಹಿಂದಿನ ದಿನ ರೋಸ್, ಅಂದರೆ ಮದುಮಗಳಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ ಇತ್ತು. ಸೋದರಮಾವನಾದ ಇವನು ಬೆಳಿಗ್ಗೆ ಹತ್ತು ಬೆರಳು ಒತ್ತಿ ಬಸ್ಸು ಹತ್ತಿದ, ಸಂಜೆ ಹತ್ತು ಬೆರಳು ಒತ್ತಲು ಊಟಕ್ಕೂ ಕೂರದೆ ಓಡಿಬಂದ. ಮದುಮಗಳ ತಲೆಗೆ ತೆಂಗಿನಹಾಲು ಹಾಕುವಾಗಲೂ ಕೈಗವಸು ಕಳಚಲಿಲ್ಲವೆಂದು ಸೋಫಿಯಾ ಆ ವರ್ಷವಿಡೀ ಅವನೊಡನೆ ಮಾತು ಬಿಟ್ಟಳು. ಇಷ್ಟಾದರೂ ಅವನಿಗೆ ತಾನು ಯಜಮಾನ ಎಂದೇ ಭ್ರಮೆ. ಕಟ್ಟಿಹಾಕಿದ ಹಗ್ಗವನ್ನು ಕೊರಳ ಸರ ಎಂದು ತಿಳಿದ ಎತ್ತು.

ಧನಿಗಳಿಗೆ ಸಂತೋಷವೋ ಸಂತೋಷ. ಮೆಷಿನ್ ತಿಂಗಳಿಗೊಮ್ಮೆ ಕೊಡುವ ಕಾಗದದಲ್ಲಿ ಒಡೆಯುವ ವಿಭಾಗದ ಹತ್ತು ಹಳೆಯ ಹೆಂಗಸರಷ್ಟು ಶಿಸ್ತಿನವರು ಇನ್ನಾರೂ ಇರಲಿಲ್ಲ. ಹತ್ತು ಮಂದಿಯೂ ಒಬ್ಬರ ಬೆನ್ನಿಗೆ ಒಬ್ಬರಂತೆ ಬರುತ್ತಾರೆ, ಒಬ್ಬರ ಬೆನ್ನಿಗೆ ಒಬ್ಬರಂತೆ ಹೋಗುತ್ತಾರೆ, ಅದೂ ದಿನಾ ಒಂದೇ ಸಾಲಿನಲ್ಲಿ. ಬೀಜ ಕೊಳ್ಳಲು ಬಂದ ಹೊರದೇಶದವರಿಗೆ ಆ ಕಾಗದ ತೋರಿಸಿ, "ಮೆಷಿನ್ ಬಂದ ಮೇಲೆ ನಮ್ಮ ಜನ ಹೇಗೆ ಬದಲಾದರು ನೋಡಿ," ಎಂದರು. ಅವರೂ ತಲೆದೂಗಿದರು. ಓದಿದವರು ತಲೆದೂಗಲು ಒಂದು ಕಾಗದ ಸಾಕು.

ಅದೇ ಉತ್ಸಾಹದಲ್ಲಿ ಧನಿಗಳಿಗೆ ಇನ್ನೊಂದು ಬುದ್ಧಿ ಬಂತು. ಕೂಲಿ ಹೆಂಗಸರೇ ಇಷ್ಟು ಶಿಸ್ತಾದರೆ ಸ್ಟಾಫಿನವರು ಯಾಕೆ ಆಗಬಾರದು? ಬ್ರ್ಯಾಂಡನ್‌ನನ್ನು ಕರೆಸಿದರು. ಗೇಟಿನಲ್ಲಿ ಗುಮಾಸ್ತ, ಲಾರಿ ಡ್ರೈವರ್, ಬರ್ತಾ ಬಾಯಿ ಸಾಲು ನಿಂತರು. ಎಲ್ಲರೂ ಒತ್ತಿದರು. ಕೊನೆಗೆ ಆಲ್ಫೋನ್ಸ್.

"ನನ್ನದು ಎಂತಕ್ಕೆ, ನಾನು ಇಲ್ಲೇ ಇರುವವನು ಅಲ್ವಾ," ಎಂದ ಅವನು. ಕೈಗವಸು ಹಾಕಿದ ಕೈಗಳನ್ನು ಬೆನ್ನ ಹಿಂದೆ ಸರಿಸಿದ.

"ಇಡು ಮಾರಾಯ, ಹೊತ್ತಾಯಿತು," ಎಂದರು ಧನಿ.

ಆಲ್ಫೋನ್ಸ್ ಕೈಗವಸು ಕಳಚಿ ಬಲಗೈಯ ಹೆಬ್ಬೆರಳು ಇಟ್ಟ. ಹೊಸ ಬೆರಳಾದರೆ ಮೆಷಿನ್ ಹೆಸರು ಕೇಳಬೇಕಿತ್ತು. ಅದು ಕೇಳಲಿಲ್ಲ.

'ಥ್ಯಾಂಕ್ ಯೂ.'

"ಅನ್ನಪೂರ್ಣ," ಎಂದು ಓದಿದ ಬ್ರ್ಯಾಂಡನ್. ಗಾಜು ಒರೆಸಿದ. "ಬೇರೆ ಬೆರಳು ಇಡಿ ಅಂಕಲ್."

'ಥ್ಯಾಂಕ್ ಯೂ.'

"ಶರಣಮ್ಮ. ಇನ್ನೊಂದು."

ಬಲಗೈ ಮುಗಿಯುವ ಹೊತ್ತಿಗೆ ಲಾರಿ ಡ್ರೈವರ್ ಬಾಯಿಗೆ ಟವೆಲು ತುರುಕಿಕೊಂಡಿದ್ದ. ಎಡಗೈಯ ಪ್ರತಿಯೊಂದು ಬೆರಳಿಗೂ ಒಳಗಿನವಳು ಅಷ್ಟೇ ಮರ್ಯಾದೆಯಿಂದ ಉಪಕಾರ ಹೇಳಿದಳು. ಬರ್ತಾ ಬಾಯಿ ನಗಲಿಲ್ಲ. ಅವಳು ಆಲ್ಫೋನ್ಸನ ಮುಖವನ್ನೇ ನೋಡುತ್ತಿದ್ದಳು, ಹುಳ ಬಿದ್ದ ಬೀಜವನ್ನು ಬದಿಗೆ ಹಾಕುವ ಮೊದಲು ನೋಡುವಂತೆ. ಕೊನೆಯ ಕಿರುಬೆರಳಿಗೆ ಬ್ರ್ಯಾಂಡನ್, "ಹುಲಿಗೆವ್ವ," ಎಂದ.

"ಹಾಗಾದರೆ ಆಲ್ಫೋನ್ಸ್ ಎಲ್ಲಿ?" ಎಂದು ಕೇಳಿದರು ಧನಿ.

ಬಾಯಿ ತೆರೆದಾಗ ಆಲ್ಫೋನ್ಸ್ ತನ್ನ ಯೋಗ್ಯತೆಗೆ ತಕ್ಕ ಮಾತನ್ನೇ ಆಡಿದ. "ಇವರೇ ಕಾಲು ಹಿಡಿದು ಬೇಡಿದ್ದು ಧನಿ. ಇವರನ್ನು ಕಳಿಸಿ. ನನ್ನದೇನು ತಪ್ಪಿಲ್ಲ."

ಹತ್ತು ಹೆಂಗಸರನ್ನೂ ಕರೆಸಲಾಯಿತು. ಹುಲಿಗೆವ್ವ ಕಪ್ಪು ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು.

"ನಾವು ಬಂದೀವಿ, ದುಡಿದೀವಿ. ಬೀಜ ಒಡದದ್ದು ನಾವ," ಎಂದಳು. "ಬೆರಳಷ್ಟ ಅವರದು. ಕಳಸೂದಿದ್ರ ಕಳಸ್ರಿ, ಪೇಟ್ಯಾಗ ಇನ್ನೂ ಎರಡು ಫ್ಯಾಕ್ಟರಿ ಅದಾವ."

ಧನಿ ಲೆಕ್ಕದಲ್ಲಿ ಹುಷಾರು. ಹೊರದೇಶಕ್ಕೆ ಕಳಿಸಬೇಕಾದ ಬೀಜ ಬಾಕಿ ಇತ್ತು, ಇವರಷ್ಟು ಚೆನ್ನಾಗಿ ಒಡೆಯುವವರು ಬೇರೆ ಇರಲಿಲ್ಲ. ಹೆಂಗಸರನ್ನು ಕಳಿಸುವ ಹಾಗಿಲ್ಲ. ಮೆಷಿನ್ ತೆಗೆದರೆ ಹೊಗಳಿಕೊಂಡ ಬಾಯಿಯೇ ನಾಚಬೇಕು. ಆಗ ಬ್ರ್ಯಾಂಡನ್ ಹೇಳಿದ: ಈ ಮೆಷಿನಿನಲ್ಲಿ ಬೆರಳೇ ಬೇಕೆಂದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ನಂಬರು ಕೊಟ್ಟರೂ ಆಗುತ್ತದೆ, ಮೊದಲಿನಿಂದಲೂ ಆಗುತ್ತಿತ್ತು, ಯಾರೂ ಕೇಳಲಿಲ್ಲ.

ಧನಿ ಗಂಭೀರವಾಗಿ ತಲೆ ಅಲ್ಲಾಡಿಸಿದರು. "ನಂಬರು ಬೇಡ. ಅದನ್ನು ಯಾರು ಬೇಕಾದರೂ ಒತ್ತಬಹುದು. ಮೋಸ ಆಗ್ತದೆ."

ಬ್ರ್ಯಾಂಡನ್ ಅವರ ಮುಖ ನೋಡಿದ. ಅವರು ತಮಾಷೆ ಮಾಡುತ್ತಿರಲಿಲ್ಲ.

ಹಾವೂ ಸಾಯದ, ಕೋಲೂ ಮುರಿಯದ ತೀರ್ಮಾನವಾಯಿತು. ಎಲ್ಲ ಈಗಿರುವಂತೆಯೇ ಇರಲಿ. ಆಲ್ಫೋನ್ಸ್ ಬೆಳಿಗ್ಗೆ ಸಂಜೆ ಬಂದು ಹತ್ತು ಬೆರಳು ಒತ್ತಲಿ. ಆದರೆ ಕುರ್ಚಿ ಬೇಡ. ಗೋಣಿ ಹೊತ್ತರೆ ಬೆರಳು ಸವೆದೀತು, ಆದ್ದರಿಂದ ಗೋಣಿಯೂ ಬೇಡ. ನಡುವಿನ ಹೊತ್ತಿನಲ್ಲಿ ಒಡೆಯುವ ಹೆಂಗಸರಿಗೆ ಕುಡಿಯುವ ನೀರು ಕೊಡಲಿ.

"ಮತ್ತೆ ನನ್ನ ಹಾಜರಿ?" ಎಂದು ಕೇಳಿದ ಆಲ್ಫೋನ್ಸ್. ದನಿ ಸಣ್ಣದಾಗಿತ್ತು.

"ನಿನ್ನ ಬೆರಳು ಯಾವುದೂ ಖಾಲಿ ಇಲ್ಲವಲ್ಲ," ಎಂದರು ಧನಿ.

ಕಾಲಿನ ಬೆರಳಾದರೂ ಆದೀತು ಎಂದ ಬ್ರ್ಯಾಂಡನ್. ಆಲ್ಫೋನ್ಸ್ ಆಸೆಯಿಂದ ಚಪ್ಪಲಿ ಕಳಚಿಯೂ ಬಿಟ್ಟ.

"ಪೂಜೆ ಮಾಡಿದ ಮೆಷಿನಿಗೆ ಕಾಲು ತಾಗಿಸುವುದಾ?" ಎಂದರು ಧನಿ. ಅಲ್ಲಿಗೆ ಅದೂ ಮುಗಿಯಿತು.

ಹೀಗೆ ಆ ಕಾರ್ಖಾನೆಗೆ ದಿನವೂ ತಪ್ಪದೆ ಬರುವ, ಆದರೆ ಯಾವ ದಿನವೂ ಹಾಜರಿಲ್ಲದ ಒಬ್ಬ ಮನುಷ್ಯನಾಗಿ ಆಲ್ಫೋನ್ಸ್ ಉಳಿದ. ಕುರ್ಚಿಯನ್ನು ಬರ್ತಾ ಬಾಯಿ ಒಳಗೆ ಒಯ್ದು, ಹಲಗೆ ಮುರಿದಿದ್ದ ಕಡೆ ಒಬ್ಬ ಮುದುಕಿಗೆ ಕೂರಲು ಕೊಟ್ಟಳು. ಹೆಂಗಸರು ಏನನ್ನೂ ತರುವುದನ್ನು ನಿಲ್ಲಿಸಿದರು. ಯಾಕೆ ತರಬೇಕು? ಒತ್ತದಿದ್ದರೆ ಈಗ ಕೆಲಸ ಹೋಗುವುದು ಅವನದು. ನೀರಿನ ಕೊಡಪಾನ ಹಿಡಿದು ಅವನು ಒಳಗೆ ಬಂದರೆ, "ಬೆರಳಪ್ಪ, ಇತ್ತಾಗ," ಎಂದು ಶರಣಮ್ಮ ಕರೆಯುತ್ತಿದ್ದಳು. ಅವನು ಕೈಗವಸು ಹಾಕಿದ ಕೈಯಲ್ಲಿ ಲೋಟ ಎತ್ತಿ ಕೊಡುತ್ತಿದ್ದ. ಅವರು ಕೈ ಸೊನೆಯಾಗಿದೆ ಎಂದು, ಬಾಯಿಗೇ ಹೊಯ್ಯಿಸಿಕೊಳ್ಳುತ್ತಿದ್ದರು.

ಮಳೆಗಾಲದ ಒಂದು ಬೆಳಿಗ್ಗೆ ಬಸ್ಸು ಸ್ವಲ್ಪ ನಿಧಾನವಾಯಿತು. ಆಲ್ಫೋನ್ಸ್ ಕೊಡೆ ಮಡಚುತ್ತ ಗೇಟಿಗೆ ಓಡಿಬಂದ. ಹತ್ತು ಹೆಂಗಸರು ತಗಡಿನ ಮಾಡಿನ ಕೆಳಗೆ ನಿಂತಿದ್ದರು. ಎಲ್ಲರಿಗಿಂತ ಮುಂದೆ ಹುಲಿಗೆವ್ವ. ಕಾರ್ಕಳದ ಸಂತೆಯಲ್ಲಿ ಕೊಂಡ ಹೊಸ ಕೈಗಡಿಯಾರ ಅವಳ ಸುಟ್ಟ ಕೈಯಲ್ಲಿ ಹೊಳೆಯುತ್ತಿತ್ತು.

"ತಡ ಆತು," ಎಂದಳು ಅವಳು.

ಆಲ್ಫೋನ್ಸ್ ತನ್ನ ವಾಚು ನೋಡಿಕೊಂಡ. ಕುರ್ಚಿ ಹೋದ ದಿನವೇ ಅದನ್ನು ಸರಿಯಾದ ಹೊತ್ತಿಗೆ ತಿರುಗಿಸಿ ಇಟ್ಟಿದ್ದ. "ತಡ ಎಲ್ಲಿ ಆಯಿತು? ಇಗರ್ಜಿಯ ಗಂಟೆ ಇನ್ನೂ ಆಗಲಿಲ್ಲ ಅಲ್ವಾ," ಎಂದ.

"ಇಗರ್ಜಿ ಗಂಟಿ ಇಗರ್ಜಿಗೆ," ಎಂದಳು ಹುಲಿಗೆವ್ವ. "ಇಲ್ಲೆ ನನ್ನ ವಾಚು. ಕೈಗವಸು ತಗಿ. ಮೊದಲ ನನ್ನದು ಒತ್ತು."

ಅವನು ಕೈಗವಸು ಕಳಚಿ ಎಡಗೈಯ ಕಿರುಬೆರಳು ಚಾಚಿದ.